ರಾಚವ್ವನ ರೆಕ್ಸಿನ್ ಕುರ್ಚಿ

ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನಲ್ಲಿ ಪಕ್ಕದ ಮನೆಯ ರಾಚವ್ವನ ಬಾಗಿಲ ಹೊರಗೆ ಒಂದು ಮೊಳೆಯಿದೆ. ಅದರಲ್ಲಿ ತೀರಿಹೋದ ಗಂಡ ಕಾಶಪ್ಪನವರ ಬೆಲ್ಟು ತೂಗುತ್ತದೆ. ವಿಜಯಪುರದ ಆ ಮನೆತನದಲ್ಲಿ ತೊಗಲು ಹೊಸ್ತಿಲು ದಾಟುವಂತಿಲ್ಲ. ಕಾಶಪ್ಪನವರು ಆಫೀಸಿನಿಂದ ಬಂದೊಡನೆ ಚಪ್ಪಲಿ ಬಿಟ್ಟು, ಬೆಲ್ಟು ಬಿಚ್ಚಿ ಅಲ್ಲಿ ಹಾಕಿಯೇ ಒಳಹೋಗುತ್ತಿದ್ದರು.

ಒಳಗೆ ಅವರ ಕುರ್ಚಿ. ಆಫೀಸಿನವರು ಹಳೆಯ ಸಾಮಾನು ವಿಲೇವಾರಿ ಮಾಡಿದಾಗ ತಂದದ್ದು. ಹೊಳೆಯುವ ಹೊದಿಕೆಗೆಲ್ಲ ರೆಕ್ಸಿನ್ ಎನ್ನುವುದು ನಮ್ಮೆಲ್ಲರ ರೂಢಿ. ಅದು ಒಂದು ಕಂಪನಿಯ ಹೆಸರೆಂದು ಯಾರೂ ನೆನೆಯುವುದಿಲ್ಲ; ವಸ್ತು ಯಾವುದೆಂದೂ ಕೇಳುವುದಿಲ್ಲ. ರಾಚವ್ವ ಆ ಕುರ್ಚಿಯ ಎದುರೇ ಲಿಂಗಪೂಜೆಗೆ ಕೂರುತ್ತಿದ್ದರು. ಕಣ್ಣು ತೆರೆದಾಗ ಅದರಲ್ಲಿ ಯಾರೋ ಕೂತೆದ್ದ ತಗ್ಗು ಇರುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ ಎಂದು ಒಮ್ಮೆ ನನಗೆ ಹೇಳಿದ್ದರು.

"ರೆಕ್ಸಿನ್ ತಣ್ಣಗ ಇರತೈತ್ರಿ. ಈ ಕಾವು ಅವರದ."

ಆ ನಂಬಿಕೆಯ ಆಸರೆಯಲ್ಲೇ ಅವರು ದಿನ ಕಳೆಯುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಕುರ್ಚಿಯ ಅಂಚಿನ ಹೊಲಿಗೆ ಬಿಚ್ಚಿತು. ಧಾರಾವಿಯಲ್ಲಿ ಚೀಲ ಹೊಲಿಯುವ ದಾನಪ್ಪ ಬಂದ. ನಾನೂ ಅಲ್ಲಿದ್ದೆ. ಆತ ಕುರ್ಚಿಯನ್ನು ಬೋರಲು ಹಾಕಿ, ಮೂಸಿ, ಮತ್ತೊಮ್ಮೆ ಮೂಸಿದ.

"ಅದೇನ್ ಸಾರೇನೋ, ಮೂಸಿ ನೋಡಾಕ?" ಎಂದರು ರಾಚವ್ವ.

"ಯವ್ವಾ, ನಮ್ಮ ಗಿರಾಕಿಗೋಳು ರೆಕ್ಸಿನ್ ಚೀಲಾ ಒಯ್ದು ಲೆದರ್ ಅಂತ ಮೆರೀತಾರ. ನಿಮ್ಮದು ಉಲ್ಟಾ ಆದಂಗ ಕಾಣತೈತಿ. ಒಂದ್ ಚೂರು ಸುಟ್ಟರ ತಿಳೀತೈತಿ. ಸುಡ್ಲೋ, ಬ್ಯಾಡೋ?"

ತೊಗಲಾದರೆ ಕುರ್ಚಿ ಮನೆಯೊಳಗೆ ಇರುವಂತಿಲ್ಲ. ಆ ಕಾವೂ ಕಾಶಪ್ಪನವರದಾಗಿ ಉಳಿಯುವುದಿಲ್ಲ. ರಾಚವ್ವ ಬಾಗಿಲಾಚೆಯ ಬೆಲ್ಟನ್ನು ಬಹಳ ಹೊತ್ತು ನೋಡಿದರು.

"ಸುಡು."

ಚೂರು ರೆಕ್ಸಿನ್ನಿನಂತೆ ಕರಗಿ ಹನಿಯಲಿಲ್ಲ, ಮುದುಡಿತು. ಕೂದಲು ಸುಟ್ಟಂಥ ವಾಸನೆ ಕೋಣೆ ತುಂಬಿತು.

"ತೊಗಲ ಐತ್ರಿ. ತೊಗಲು ಬಿಸಲಿಗೆ ಕಾವು ಹಿಡೀತೈತಿ, ಅಷ್ಟ."

"ಈ ಖೋಲಿಗೆ ಬಿಸಲ ಬರಂಗಿಲ್ಲೋ, ದಾನಪ್ಪಾ."

ಆತ ಬೇಗ ಬೇಗ ಹೊಲಿದು ಮುಗಿಸಿ, ಕುರ್ಚಿಗೆ ಬೆನ್ನು ತೋರಿಸದೆ ಬಾಗಿಲವರೆಗೆ ಹಿಂದೆ ಸರಿದು ಹೋದ.

ಅಂದೇ ರಾಚವ್ವ ಕುರ್ಚಿಯನ್ನು ಹೊರಗೆ, ಮೊಳೆಯ ಕೆಳಗೆ ಇರಿಸಿದರು. ನಿಯಮ ಮುರಿಯಲಿಲ್ಲ. ಆದರೆ ಈಗ ಬಾಗಿಲು ತೆರೆದಿಟ್ಟೇ ಪೂಜೆಗೆ ಕೂರುತ್ತಾರೆ.

ಬಿಲ್ಡಿಂಗಿನ ಮಕ್ಕಳು ಸಹ ಆ ಕುರ್ಚಿಯಲ್ಲಿ ಕೂರುವುದಿಲ್ಲ. ಹಾಲು ತರಲು ಹೋಗುವಾಗ ನಾನು ಗೋಡೆಗೆ ಸರಿದು ದಾಟುತ್ತೇನೆ. ತಗ್ಗು ಇನ್ನೂ ಇದೆ. ಮೊದಲು ಅದು ಆಸನದ ನಡುವೆ ಇತ್ತು. ಈಗ ಬಾಗಿಲ ಕಡೆಯ ಅಂಚಿಗೆ ಬಂದಿದೆ, ಒಳಗಿನಿಂದ ಕರೆಯಲೆಂದು ಕಾಯುತ್ತ ಕುರ್ಚಿಯ ತುದಿಯಲ್ಲಿ ಯಾರೋ ಕೂತಂತೆ.