ಕೇಳದೆ ಉಳಿದ ಮನೆ

ನಮ್ಮ ಸಾರ್ ನೆಲದ ಮೇಲೆ ಕೂರುವುದನ್ನು ನೋಡಬೇಕಿತ್ತು. ಬಾಗಿಲಷ್ಟು ಎತ್ತರದ ಆಳು, ಅದಕ್ಕೆ ತಕ್ಕ ಹೊಟ್ಟೆ. ಗೋಡೆಗೆ ಒಂದು ಕೈ ಕೊಟ್ಟು, ‘ಶಿವಾ’ ಎನ್ನುತ್ತ ಇಳಿಯುವಾಗ ಎರಡೂ ಮಂಡಿ ಲಟಕ್ ಎನ್ನುತ್ತಿದ್ದವು. ಮನೆಯವರು ಗಾಬರಿಯಾಗಿ ಕುರ್ಚಿ ತಂದರೆ ಬೇಡವೇ ಬೇಡ. ರೋಗಿ ಚಾಪೆಯ ಮೇಲಿದ್ದರೆ ಡಾಕ್ಟರೂ ಚಾಪೆಯ ಮೇಲೇ ಇರಬೇಕು ಎಂಬುದು ಅವರ ಹಟ.

ಮೆಡಿಕಲ್ ಓದುವವರಿಗೆ ಎಲೆಕ್ಟಿವ್ ಅಂತ ಒಂದಿರುತ್ತದೆ. ಕಾಲೇಜು ಪಟ್ಟಿ ಕೊಡುತ್ತದೆ, ನಮಗೆ ಬೇಕಾದ್ದನ್ನು ನಾವೇ ಆರಿಸಿಕೊಂಡು ಕೆಲವು ವಾರ ಅಲ್ಲೇ ಕಲಿಯಬೇಕು. ಹಾಜರಿ ಬೇಕು, ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲವೆಂದ ಮೇಲೆ ಕೇಳಬೇಕೆ! ಸ್ಕ್ಯಾನಿಂಗು, ಚರ್ಮರೋಗ, ಹೀಗೆ ಫ್ಯಾನಿನ ಕೆಳಗೆ ಕೂತು ಪಿಜಿ ಪ್ರವೇಶ ಪರೀಕ್ಷೆಗೆ ಓದಿಕೊಳ್ಳಬಹುದಾದ ಜಾಗಗಳೆಲ್ಲ ಮೊದಲೇ ಭರ್ತಿ. ಕೊನೆಯಲ್ಲಿ ಉಳಿಯುತ್ತಿದ್ದದ್ದು ಸರ್ಕಾರಿ ಕೆಲಸದಿಂದ ನಿವೃತ್ತರಾಗಿದ್ದ ನಮ್ಮ ಸಾರ್: ಚಳ್ಳಕೆರೆ ಕಡೆ, ವಾಸಿಯಾಗದವರ ಆರೈಕೆ, ಮನೆಮನೆಗೆ ಅಲೆದಾಟ.

ಯಾಕೆ ಇದನ್ನೇ ಆರಿಸಿಕೊಂಡೆ ಎಂದು ಮೊದಲ ದಿನ ಕೇಳಿದರು. ನಮ್ಮೂರು ಮೊಳಕಾಲ್ಮೂರು, ಹತ್ತಿರವಾಗುತ್ತೆ, ಅವ್ವನ ಕೈಯೂಟ ಸಿಗುತ್ತೆ ಎಂದೆ. ಹೊಟ್ಟೆ ಕುಣಿಯುವಂತೆ ನಕ್ಕರು. ಬಂದವರೆಲ್ಲ ಸೇವೆ ಸೇವೆ ಎಂದು ಹೇಳಿ, ಬಿಸಿಲು ಏರುತ್ತಲೇ ಪತ್ತೆಯಿರುವುದಿಲ್ಲ, ನೀನಾದರೂ ಊಟದ ಆಸೆಗೆ ಉಳಿಯುತ್ತೀಯಾ ಎಂದರು. ಉಳಿದೆ.

ಅವರಿಗಿದ್ದದ್ದು ಒಂದೇ ಚಿಂತೆ. ಈ ಎರಡು ತಾಲ್ಲೂಕಿನಲ್ಲಿ ಯಾರೂ ನರಳಿಕೊಂಡು, ತಮ್ಮವರಿಲ್ಲದ ಜಾಗದಲ್ಲಿ ಸಾಯಬಾರದು. ಅದಕ್ಕೇ ಪ್ರತಿ ಮನೆಯಲ್ಲೂ, ಸಮಯ ನೋಡಿ, ಒಂದು ಮಾತು ಕೇಳುತ್ತಿದ್ದರು: ಕೊನೆಗೆ ಎಲ್ಲಿರಬೇಕು ಅಂತ ಇಷ್ಟ, ಯಾರು ಹತ್ತಿರ ಇರಬೇಕು? ಬಿ.ಜಿ. ಕೆರೆ ದಾಟಿ ಆಂಧ್ರದ ಗಡಿ ಕಡೆ ಹೋದರೆ ತೆಲುಗಿನಲ್ಲಿ ಕೇಳುತ್ತಿದ್ದರು. ಕೇಳುವುದನ್ನು ನನಗೂ ಕಲಿಸಿದರು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು, ಅದೇ ಕಷ್ಟದ ಭಾಗ ಎನ್ನುತ್ತಿದ್ದರು.

ಚಳ್ಳಕೆರೆಯಲ್ಲಿ ಒಬ್ಬ ಲಾರಿ ಮೆಕ್ಯಾನಿಕ್. ಅವನ ತಾಯಿಗೆ ಬಾಯಿ ಕ್ಯಾನ್ಸರ್. ಸಾರ್ ಕೊಟ್ಟಿದ್ದ ಮಾರ್ಫಿನ್ ಮಾತ್ರೆಗಳನ್ನು ಅವನು ಟೂಲ್ ಬಾಕ್ಸಿನಲ್ಲಿಟ್ಟು ಬೀಗ ಹಾಕಿಬಿಟ್ಟಿದ್ದ. ಆ ತಾಯಿ ಸೆರಗು ಕಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಸಾರ್ ಚಾಪೆಯ ಮೇಲೆ ಕೂತು ಚಹಾ ಕೇಳಿ ಕುಡಿದರು. ಆಮೇಲೆ ಯಾಕಪ್ಪಾ ಎಂದರು.

“ನಶೆ ಐತಂತೆ ಸಾಬ್ ಇದ್ರಾಗೆ. ಅಮ್ಮೀಗೆ ಮಂಪರು ಹತ್ತಿ ಕೊನೇಗೆ ಕಲ್ಮಾ ಹೇಳಾಕಾಗ್ದೇ ಹೋದ್ರೆ? ನಾನು ಏನು ಜವಾಬು ಕೊಡ್ಲಿ?”

ಸಾಯುವಾಗ ಬಾಯಲ್ಲಿ ಅಲ್ಲಾನನ್ನು ನೆನೆಯುವ ಕಲ್ಮಾ ಇರಬೇಕೆಂಬ ಚಿಂತೆ ಅವನದು; ನಾನು ಅವನನ್ನು ಕಲ್ಲೆದೆಯವನೆಂದು ಲೆಕ್ಕ ಹಾಕಿದ್ದೆ. ಸಾರ್ ವಾದ ಮಾಡಲಿಲ್ಲ. ಮಸೀದಿಯ ಹಜರತ್ತರನ್ನು ತಾವೇ ಹೋಗಿ ಕರೆತಂದರು. ಅವರು ಮಾತ್ರೆಯ ವಿಚಾರವೆಲ್ಲ ಕೇಳಿ ತಿಳಿದುಕೊಂಡು, ಇದು ನಶೆಯಲ್ಲ, ದವಾ, ಕೊಡು ಬೇಟಾ ಎಂದರು. ಸಾರ್ ಇಷ್ಟು ಸೇರಿಸಿದರು: “ಈ ನೋವಿನಾಗೆ ಕಲ್ಮಾ ಬಾಯಿಗೆ ಬರಲ್ಲಪ್ಪ. ನೋವು ಇಳಿದ್ರೆ ಬರುತ್ತೆ.”

ಮುಂದಿನ ಸಲ ಹೋದಾಗ ಆ ತಾಯಿ ಎದ್ದು ಕೂತು, ಗಂಜಿಗೆ ಉಪ್ಪಿಲ್ಲವೆಂದು ಸೊಸೆಯನ್ನು ಬೈಯುತ್ತಿದ್ದರು. ಸಾರ್‌ಗೆ ಆದ ಖುಷಿ ಹೇಳತೀರದು. ಕೆಲವು ದಿನಗಳ ಮೇಲೆ ಆ ತಾಯಿ ತಮ್ಮ ಮನೆಯಲ್ಲೇ, ಮಗನ ತೊಡೆಯ ಮೇಲೆ, ಕಲ್ಮಾ ಹೇಳುತ್ತಲೇ ಹೋದರು.

ನಾನು ಹೌಸ್‌ಸರ್ಜನ್ ಆಗಿದ್ದಾಗ ಸುದ್ದಿ ಬಂತು. ಸಾರ್ ಮನೆಯಲ್ಲಿ ಕುಸಿದುಬಿದ್ದಿದ್ದರು, ಮಿದುಳಿನಲ್ಲಿ ರಕ್ತಸ್ರಾವ. ಎಣ್ಣೆ ವ್ಯಾಪಾರ ಮಾಡುವ ಇಬ್ಬರು ಗಂಡುಮಕ್ಕಳು ದೂರದ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು. ಓಡಿದೆ. ಐಸಿಯುನಲ್ಲಿ ಗಂಟಲಿಗೆ ಕೊಳವೆ. ಸೇರಿಸಿದಾಗ ಇನ್ನೂ ಕೈ ಆಡಿಸುತ್ತಿದ್ದರಂತೆ; ಕೊಳವೆ ಕಿತ್ತುಕೊಳ್ಳಬಾರದೆಂದು ಎರಡೂ ಕೈಗಳನ್ನು ಬಟ್ಟೆಯ ಪಟ್ಟಿಯಿಂದ ಮಂಚಕ್ಕೆ ಕಟ್ಟಿದ್ದವರು ಬಿಚ್ಚಿರಲಿಲ್ಲ. ಇನ್ನು ಎಚ್ಚರವಾಗುವ ಆಸೆಯಿಲ್ಲವೆಂದು ಅಲ್ಲಿನ ಡಾಕ್ಟರೇ ಹೇಳಿದ್ದರು. ಮಕ್ಕಳು ಮಾತ್ರ ಏನೂ ಬಿಡಬೇಡಿ, ಎಲ್ಲಾ ಮಾಡಿ ಎಂದು ಗೋಗರೆಯುತ್ತಿದ್ದರು. ಅವರದೇನು ತಪ್ಪು? ಅಪ್ಪ ಕಣ್ರೀ.

ಹೊರಗೆ ಬೆಂಚಿನ ಮೇಲೆ ಸಾರ್ ಅವರ ಹೆಂಡತಿ ಕೂತಿದ್ದರು. ನಾನು ಯಾರೆಂದು ತಿಳಿದಾಗ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು.

“ಇಂಥಾ ಹೊತ್ನಾಗೆ ಏನು ಮಾಡ್ಬೇಕು ಅಂತ ನಿಮಗೆಲ್ಲಾ ಹೇಳಿಕೊಡ್ತಿದ್ರಂತಲ್ಲವ್ವಾ? ಅವರಿಗೆ ಏನು ಬೇಕಿತ್ತು? ನಮ್ಮನೇಲಿ ಒಂದಿನಾನೂ ಆ ಮಾತು ತೆಗೀಲಿಲ್ಲ.”

ಸಾರ್ ಮೇಲೆ ಅವತ್ತು ಬಂದ ಸಿಟ್ಟು ಯಾರ ಮೇಲೂ ಬಂದಿಲ್ಲ. ಕಂಡವರ ಮನೆಯ ಚಾಪೆಯ ಮೇಲೆಲ್ಲ ಕೂತು ಕೇಳಿದಿರಿ, ನಿಮ್ಮ ಮನೆಯಲ್ಲಿ ಒಂದು ಮಾತು ಹೇಳಲು ಏನಾಗಿತ್ತು ಸಾರ್? ಅಳು ಬಂತು, ಅತ್ತೆ. ಆಮೇಲೆ ಸಾರ್ ನನಗೆ ಕಲಿಸಿದ್ದನ್ನೆಲ್ಲ, ಯಾರೂ ನರಳದೆ ತಮ್ಮವರ ನಡುವೆ ಹೋಗಬೇಕೆಂಬ ಮಾತನ್ನು, ಅವರ ಹೆಂಡತಿಗೆ ಹೇಳಿದೆ. ಆ ಮಾತೆಲ್ಲ ಕೇಳಿಸಿಕೊಂಡು ಅವರು ಗಂಡುಮಕ್ಕಳನ್ನು ಕರೆದು ಕೂರಿಸಿ, ಅಪ್ಪನನ್ನು ಮನೆಗೆ ಕರೆದೊಯ್ಯೋಣ ಎಂದರು. ಹಿರಿಯವನು ಅತ್ತ, ಜಗಳವಾಡಿದ, ಕೊನೆಗೆ ಒಪ್ಪಿ ಡಾಕ್ಟರಿಗೆ ಹೇಳಲು ಎದ್ದ.

ಅಷ್ಟರಲ್ಲಿ ಒಳಗಿನಿಂದ ನರ್ಸ್ ಬಂದು ನಮ್ಮನ್ನು ಕರೆದಳು. ನಾವು ಹೋದಾಗ ಸಾರ್ ಹೋಗಿಬಿಟ್ಟಿದ್ದರು. ಪಕ್ಕದಲ್ಲಿ ಮನೆಯವರು ಯಾರೂ ಇರಲಿಲ್ಲ. ಕೈಗೆ ಕಟ್ಟಿದ್ದ ಪಟ್ಟಿಗಳನ್ನು ಅವರ ಹೆಂಡತಿಯೇ ಬಿಚ್ಚಿದರು.