ಎತ್ತು ಕಟ್ಟುವಂಥ ಪೆಟ್ಟಿಗೆ

ನಮ್ಮ ಅತ್ತೆಯ ಮನೆಯಲ್ಲಿ 'ನನ್ನದು' ಎಂಬ ಮಾತು ಬಾಯಿ ತಪ್ಪಿ ಬಂದರೂ ಉಣ್ಣುತ್ತಿದ್ದವರು ಕೈ ನಿಲ್ಲಿಸಿ ತಿರುಗಿ ನೋಡುತ್ತಿದ್ದರು. ಕಂಪಲಾಪುರದಿಂದ ಒಂದು ಹರದಾರಿ ಒಳಗಿನ ಹಳ್ಳಿ, ಮಹಾರಾಜರ ಕಾಲ, ಅಣ್ಣತಮ್ಮಂದಿರೆಲ್ಲ ಒಂದೇ ಒಲೆಯ ಅಡಿಗೆ ಉಣ್ಣುತ್ತಿದ್ದ ದೊಡ್ಡ ಸಂಸಾರ. ಮನೆಗೆ ಬಂದ ಶಾನುಭೋಗರಿಂದ ಹಿಡಿದು ಬಳೆಗಾರನವರೆಗೆ ಎಲ್ಲರ ಮುಂದೂ ನಮ್ಮ ಮಾವ ಮೀಸೆ ಸವರಿಕೊಂಡು ಒಂದೇ ಮಾತು ಹೇಳುತ್ತಿದ್ದರು: "ನಮ್ಮನೇಲಿ ನಂದು ನಿಂದು ಅನ್ನದೇ ಇಲ್ಲ ಕಣ್ರಪ್ಪ. ಎಲ್ಲಾ ನಮ್ದೇ." ಕೇಳಿದವರು ತಲೆದೂಗುತ್ತಿದ್ದರು. ಅವರ್ಯಾರೂ ಆ ಮನೆಗೆ ಸೊಸೆಯಾಗಿ ಬಂದವರಲ್ಲವಲ್ಲ.

'ನಮ್ದೇ' ಅಂದರೆ ಏನೆಂದು ನನಗೆ ಮೊದಲ ವರ್ಷವೇ ತಿಳಿದುಹೋಯಿತು. ಕೋಟೆ ತಾಲ್ಲೂಕಿನ ಕಡೆಯ ತವರಿನಿಂದ ಬಿದಿರು ಬುಟ್ಟಿಯಲ್ಲಿ ಮೂರು ಸೀರೆ ತಂದಿದ್ದೆ. ಒಂದು ಓರಗಿತ್ತಿಯ ಮಗುವಿಗೆ ತೊಟ್ಟಿಲಾಯಿತು. ಇನ್ನೊಂದರಲ್ಲಿ ಹರಳೆಣ್ಣೆ ಸೋಸಿದರು. ಮೂರನೆಯದನ್ನು ನಾದಿನಿ ಉಟ್ಟುಕೊಂಡು ಗಂಡನ ಮನೆಗೆ ಹೊರಟೇಹೋದಳು. ಅಲ್ಲಿ ಅದು ಸುಖವಾಗಿದೆಯೆಂದು ಆಮೇಲೆ ಸುದ್ದಿ ಬಂತು. ನಾನು ಮುಖ ಊದಿಸಿಕೊಂಡರೆ ಅತ್ತೆ, "ಬಟ್ಟೆ ಇರದು ಕೆಲಸಕ್ಕೆ ಬರ್ಲಿ ಅಂತ ಕಣವ್ವ. ಬುಟ್ಟೀಲಿ ಕೂರ್ಸಿ ಆರ್ತಿ ಎತ್ತಕ್ಕಾ?" ಎನ್ನುತ್ತಿದ್ದರು. ಅತ್ತೆಯ ಸೊಂಟದಲ್ಲಿ ಉಗ್ರಾಣದ್ದು, ಬೆಣ್ಣೆ ಕೋಣೆಯದ್ದು, ಕಾಳಿನ ಕೋಣೆಯದ್ದು ಅಂತ ಬೀಗದ ಕೈಗಳ ಗೊಂಚಲು ಸದಾ ಗಲಗಲ ಅನ್ನುತ್ತಿತ್ತು. ಎಲ್ಲವೂ ನಮ್ಮದೇ ಆದ ಮನೆಯಲ್ಲಿ ಅಷ್ಟೊಂದು ಬೀಗ ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಇದೆಲ್ಲ ಹೋಗಲಿ ಎನ್ನಬಹುದಿತ್ತು. ಆದರೆ ನಮ್ಮವ್ವ ತೀರಿಕೊಂಡಾಗ ಅವಳ ಸೀರೆಯೊಂದನ್ನು ನಮ್ಮಣ್ಣ ನನ್ನ ಕೈಗೆ ಕೊಟ್ಟ. ಕೆಂಪು ಚೌಕಳಿಯ ನೂಲಿನ ಸೀರೆ, ಹಳದಿ ಅಂಚು. ಅದಕ್ಕೆ ಸೀಗೆಪುಡಿಯ ವಾಸನೆ, ಅದರ ಜೊತೆಗೆ ಹೊಗೆಸೊಪ್ಪಿನ ವಾಸನೆ. ನಮ್ಮವ್ವ ಯಾರಿಗೂ ಗೊತ್ತಿಲ್ಲವೆಂದುಕೊಂಡು ಊರಿಗೆಲ್ಲ ಗೊತ್ತಾಗುವಂತೆ ಹೊಗೆಸೊಪ್ಪು ಜಗಿಯುತ್ತಿದ್ದಳು. ನಾನದನ್ನು ಉಡಲಿಲ್ಲ. ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದಾಗ ಬುಟ್ಟಿಯಿಂದ ತೆಗೆದು ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದೆ. ಅತ್ತು ಮುಗಿಸಿ ಮಡಿಸಿಟ್ಟು ರಾಗಿ ಬೀಸಲು ಹೋಗುತ್ತಿದ್ದೆ.

ಒಂದು ದಿನ ತೆಗೆದು ನೋಡಿದರೆ ಸೆರಗಿನಲ್ಲಿ ಒಂದು ಗೇಣು ಇಲ್ಲ. ದನದ ಹಟ್ಟಿಗೆ ಹೋದರೆ ಬಲಗಡೆಯ ಎತ್ತಿನ ಕಾಲಿಗೆ ಹಳದಿ ಅಂಚಿನ ಪಟ್ಟಿ. ಕಟ್ಟಿದವರು ಬೇರೆ ಯಾರೂ ಅಲ್ಲ, ನಮ್ಮ ಯಜಮಾನರು. ಗೊರಸಿಗೆ ಕಲ್ಲು ಹೊಡೆದಿತ್ತಂತೆ, ಕೈಗೆ ಸಿಕ್ಕಿದ ಬಟ್ಟೆ ಹರಿದರಂತೆ. ಎತ್ತಿಗೆ ಬೇಗ ವಾಸಿಯಾಯಿತು. ಊರವರೆಲ್ಲ ಬಂದು ಎತ್ತನ್ನು ವಿಚಾರಿಸಿಕೊಂಡು ಹೋದರು.

ನಾನು ಗಂಡನ ಸಂಗಡ ಮಾತು ಬಿಟ್ಟೆ. ಅಂಥ ತುಂಬಿದ ಮನೆಯಲ್ಲಿ ಗಂಡಹೆಂಡಿರು ಎದುರೆದುರು ಮಾತಾಡುವುದೇ ಕಡಿಮೆ. ಹೀಗಾಗಿ ನಾನು ಮಾತು ಬಿಟ್ಟಿದ್ದೇನೆಂದು ಅವರಿಗೆ ಗೊತ್ತಾಗಲು ಒಂದು ವಾರ ಹಿಡಿಯಿತು. ಗೊತ್ತಾದ ಮೇಲೆ ಪೇಚಾಡಿಕೊಂಡರು. ಬಾವಿಕಟ್ಟೆಯ ಹತ್ತಿರ ಬಂದು, ಯಾರೂ ಇಲ್ಲವೆಂದು ಅತ್ತಿತ್ತ ನೋಡಿ, "ಎತ್ತು ಕುಂಟ್ತಿತ್ತು ಕಣೇ. ನಿಮ್ಮವ್ವುಂದು ಅಂತ ನಂಗೇನ್ ಗೊತ್ತು?" ಎಂದರು. ನಾನು ಕೊಡ ಎತ್ತಿಕೊಂಡೆ. "ಆಗ್ಲಿ ಬುಡು, ನಿಂಗೊಂದು ಪೆಟ್ಗೆ ಮಾಡ್ಕೊಡ್ತೀನಿ. ಮುಚ್ಚುಳ ಇರೋ ಅಂತಾದ್ದು. ಯಾರೂ ಕೈ ಆಕ್ದಂಗೆ," ಎಂದರು. ಆಗ ಕೊಡ ಇಳಿಸಿದೆ.

ಪೆಟ್ಟಿಗೆ ಮಾಡುವ ಕೆಲಸ ಊರ ಆಚಾರಿಯದು. ಅವನಿಗೆ ಪ್ರತಿ ಸುಗ್ಗಿಯಲ್ಲೂ ನಮ್ಮ ಕಣದಿಂದ ರಾಗಿ ಹೋಗುತ್ತಿತ್ತು. ಆದರೆ ಆ ರಾಗಿ ನೇಗಿಲು, ನೊಗ, ಗಾಡಿಗೆ ಮಾತ್ರ. ಪೆಟ್ಟಿಗೆ ಅದರ ಲೆಕ್ಕಕ್ಕೆ ಬರುವುದಿಲ್ಲವೆಂದು ಅವನು ಹೇಳಿದ. "ಮಾಡವ ಬುಡಿ, ಯುಗಾದಿ ಕಳೀಲಿ," ಎಂದೂ ಹೇಳಿದ. ಯಾವ ಯುಗಾದಿ ಎಂದು ಹೇಳಲಿಲ್ಲ. ನಮ್ಮ ಯಜಮಾನರಿಗೆ ಕೋಪ ಬಂತು. "ಅವನ್ ಬುಟ್ರೆ ಊರಾಗೆ ಇನ್ನಾರ್ಗೂ ಕೈಯಿಲ್ವಾ? ನಾನೇ ಮಾಡ್ತೀನಿ," ಎಂದು ಜಗಲಿಯ ಮೇಲೆ ಸಾರಿದರು. ಅವರು ಅದುವರೆಗೆ ಮರದಲ್ಲಿ ಮಾಡಿದ್ದೆಂದರೆ ಮುರಿದ ನೇಗಿಲಿಗೆ ಬೆಣೆ ಹೊಡೆದದ್ದು ಮತ್ತು ದನ ಕಟ್ಟುವ ಗೂಟ.

ಸುದ್ದಿ ಅತ್ತೆಯ ಕಿವಿಗೆ ಬಿತ್ತು. ಅವರು ಬೇಡವೆನ್ನಲಿಲ್ಲ, ಅದಕ್ಕಿಂತ ಕೆಟ್ಟದ್ದು ಹೇಳಿದರು. "ಮಾಡು ಮಗ. ಮನೆಗೆಲ್ಲಾ ಒಂದು ಪೆಟ್ಗೆ ಆಗ್ಲಿ. ಎಲ್ಲಾರ ಸೀರೇನೂ ಒಂದೇ ಕಡೆ ಇಡವ. ಆದ್ರೆ ಬೀಗ ಗೀಗ ಆಕಂಗಿಲ್ಲ. ಒಳಗೆ ಬೀಗ ಆಕುದ್ರೆ ಮನೇವ್ರನ್ನ ಕಳ್ಳರು ಅಂದಂಗೆ," ಎಂದರು. ಸೊಂಟದ ಗೊಂಚಲು ಗಲಗಲ ಅಂದಿತು. ನಮ್ಮವ್ವನ ಸೀರೆ ಎಲ್ಲರ ಸೀರೆಗಳ ಜೊತೆ ಸೇರಿದರೆ ಮುಂದಿನ ಸುಗ್ಗಿಯ ಹೊತ್ತಿಗೆ ಅದು ಯಾರ ಮಗುವಿನ ಕೆಳಗೆ ಇರುತ್ತದೋ ಯಾರು ಬಲ್ಲರು?

ಯಜಮಾನರ ಆಸೆ ತೇಗದ ಮೇಲಿತ್ತು. ನಮ್ಮ ಹೊಲದ ಬದುವಿನಲ್ಲೇ ಒಂದು ತೇಗದ ಮರ ನಿಂತಿತ್ತು. ಆದರೆ ತೇಗ ಯಾರ ಹೊಲದಲ್ಲಿ ಬೆಳೆದರೂ ಸರ್ಕಾರದ್ದು. ನಾವು ಅದರ ನೆರಳಿನಲ್ಲಿ ಬುತ್ತಿ ಉಣ್ಣಬಹುದಿತ್ತು, ಅಷ್ಟೆ. ಎಲ್ಲಾ ನಮ್ದೇ ಎನ್ನುವುದರಲ್ಲಿ ಸರ್ಕಾರವೂ ನಮ್ಮ ಮಾವನ ಹಾಗೆಯೇ ಇತ್ತು. ಕೊನೆಗೆ ನೇಗಿಲಿಗೆಂದು ಆಗತಾನೆ ಕಡಿದು ಹಾಕಿದ್ದ ಜಾಲಿಯ ದಿಮ್ಮಿಗಳನ್ನೇ ತೆಗೆದುಕೊಂಡರು. ಮರ ಇನ್ನೂ ಹಸಿ. ನೇಗಿಲಿನ ಮರವನ್ನು ಹಸಿಯಿರುವಾಗಲೇ ಕೆತ್ತಬೇಕು, ಒಣಗಿದರೆ ಉಳಿ ಇಳಿಯುವುದಿಲ್ಲ. ಇದು ನಮ್ಮ ಕಡೆಯ ಉಳುವವರಿಗೆಲ್ಲ ಹುಟ್ಟಿದಾಗಿನಿಂದ ಗೊತ್ತು. ಮಾವ, ಮೈದುನ, ಪಕ್ಕದ ಮನೆಯವರು ಎಲ್ಲರೂ ಬಂದು ಮರಕ್ಕೆ ಉಗುರು ಚುಚ್ಚಿ, "ಒಳ್ಳೆ ಅದ್ವಾಗೈತೆ," ಎಂದರು. ನೇಗಿಲು ಒಣಗಿ ಕೊಂಚ ಸೊಟ್ಟಗಾದರೆ ನೆಲ ಏನೂ ಅನ್ನುವುದಿಲ್ಲ. ಪೆಟ್ಟಿಗೆಗೆ ಮುಚ್ಚಳ ಎಂಬುದೊಂದು ಇರುತ್ತದೆಂದು ಅವರ್ಯಾರಿಗೂ ಹೊಳೆಯಲಿಲ್ಲ.

ಹಲಗೆ ಕೊಯ್ಯಲು ಇಬ್ಬರು ಎಳೆಯುವ ದೊಡ್ಡ ಗರಗಸ ಬೇಕು. ಅದು ನಮ್ಮಲ್ಲಿರಲಿಲ್ಲ. ಯಜಮಾನರು ದಿಮ್ಮಿಗೆ ಬೆಣೆ ಹೊಡೆದು ಸೌದೆ ಸೀಳಿದಂತೆ ಎರಡಾಗಿ ಸೀಳಿದರು. ಹಾಗೆ ಸೀಳಿದ ಹೋಳಿಗೆ ಒಂದು ಕಡೆ ಮಟ್ಟ, ಇನ್ನೊಂದು ಕಡೆ ಹೊಟ್ಟೆ. ಮಟ್ಟದ ಕಡೆಯನ್ನು ಬಾಚಿಯಿಂದ ಕೆತ್ತಿ, ಕೈಯಾಡಿಸಿ ನೋಡಿ, ಮತ್ತೆ ಕೆತ್ತಿ, ನುಣುಪು ಮಾಡಿದರು. ಹೊಟ್ಟೆಯ ಕಡೆ ತೊಗಟೆ ಮಾತ್ರ ಸುಲಿದರು. ನಾನು ಮಜ್ಜಿಗೆ ಕೊಡಲು ಹೋದಾಗ, "ಈ ಒಟ್ಟೆ ಅಂಗೇ ಇರ್ತದಾ?" ಎಂದು ಕೇಳಿದೆ. "ಅದು ಒಳಮುಖ ಕಣೇ. ಒಳ್ಗಡೆ ಯಾರ್ ನೋಡ್ತಾರೆ?" ಎಂದರು. ಹೀಗೆ ನಾಲ್ಕು ಗೋಡೆಗಳೂ, ತಳವೂ, ಮುಚ್ಚಳವೂ ಹೊಟ್ಟೆಯನ್ನು ಒಳಕ್ಕೆ ಹಾಕಿಕೊಂಡು ಕೂಡಿಕೊಂಡವು. ಅಳತೆಯನ್ನು ಅವರು ಸರಿಯಾಗಿಯೇ ಹಿಡಿದಿದ್ದರು: ಎರಡು ಮೊಳ ಉದ್ದ, ಒಂದು ಮೊಳ ಅಗಲ. ಆದರೆ ಹಿಡಿದದ್ದು ಹೊರಗಿನಿಂದ.

ಕೂಡಿಸಲು ಮೊಳೆ ಹೊಡೆಯುವುದು ಅವರಿಗೆ ಅವಮಾನ. ನೇಗಿಲಿಗೆ ಮಾಡುವಂತೆ ತೂತು ತೋಡಿ, ಗೂಟ ತೂರಿಸಿ, ಅದರ ಮೇಲೆ ಬೆಣೆ ಹೊಡೆದರು. ಒಂದು ಮೂಲೆಯ ಬೆಣೆ ಬಿಗಿಯಾದರೆ ಎದುರು ಮೂಲೆಯದು ಸಡಿಲ. ಅದನ್ನು ಬಿಗಿ ಮಾಡಿದರೆ ಇದು ಬಾಯಿ ಬಿಡುತ್ತಿತ್ತು. ಇದರ ನಡುವೆ ಹುಣಸೂರು ಸಂತೆಗೆ ಹೋಗಿ ಮುಚ್ಚಳಕ್ಕೆ ಕಬ್ಬಿಣದ ಕೀಲು ತಂದರು. ಕಬ್ಬಿಣದಂಗಡಿಯ ಸಾಬರು, "ಬಾಗಿಲು ಎಷ್ಟು ಎತ್ತರ ಐತೆ ಗೌಡ್ರೇ?" ಎಂದು ಕೇಳಿದರಂತೆ. "ಬಾಗ್ಲಲ್ಲ, ಪೆಟ್ಗೆ," ಎಂದರೆ ಸಾಬರು, "ಪೆಟ್ಗೆನಾ? ಯಾ ಅಲ್ಲಾ! ಒಳಗೆ ಆನೆ ಇಡ್ತೀರಾ?" ಎಂದು ನಕ್ಕರಂತೆ. ಇದನ್ನು ನಮ್ಮ ಯಜಮಾನರೇ ಮನೆಗೆ ಬಂದು ಹೆಮ್ಮೆಯಿಂದ ಹೇಳಿದರು. ಅವರು ಮರದ ದಪ್ಪಕ್ಕೆ ತಕ್ಕ ಕೀಲು ಕೇಳಿದ್ದರು. ಸಾಬರು ಹೆಬ್ಬಾಗಿಲಿಗೆ ಹಾಕುವಂಥದ್ದನ್ನು ಕೊಟ್ಟಿದ್ದರು.

ಒಂದು ಶುಕ್ರವಾರ ಪೆಟ್ಟಿಗೆ ನಡುಮನೆಗೆ ಬಂತು. ಬಂತು ಅಂದರೆ ಮೈದುನಂದಿರೆಲ್ಲ ಸೇರಿ ಹಗ್ಗ ಹಾಕಿ ಎಳೆದು ತಂದರು. ದಾರಿಯಲ್ಲಿ ಹೊಸ್ತಿಲಿನ ಒಂದು ಚೂರು ಹೋಯಿತು. ಅತ್ತೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಓರಗಿತ್ತಿಯರು ತಂದ ಸೀರೆಗಳ ರಾಶಿಯ ಮುಂದೆ ಕುಳಿತು, ಮೊದಲು ತಮ್ಮ ಎರಡು ಸೀರೆ ಇಟ್ಟರು. ಮುಚ್ಚಳ ಮುಚ್ಚಲಿಲ್ಲ. ಒತ್ತಿದರು; ಮುಚ್ಚಲಿಲ್ಲ. ಒಂದು ಸೀರೆ ತೆಗೆದರು. ಮುಚ್ಚಿತು. ಅತ್ತೆ ಮುಚ್ಚಳ ಎತ್ತಿ ಒಳಗೆ ಇಣುಕಿ, ಹೊರಗೆ ನೋಡಿ, ಮತ್ತೆ ಒಳಗೆ ಇಣುಕಿದರು. "ಇಷ್ಟು ದಪ್ಪ ಪೆಟ್ಗೆಗೆ ಒಂದೇ ಸೀರೆನೇನ್ಲಾ?" ಯಜಮಾನರು ಬೆವರು ಒರೆಸಿಕೊಂಡು, "ಗಟ್ಟಿಯಾಗೈತೆ ಕಣವ್ವ," ಎಂದರು. ಅದು ಸುಳ್ಳಲ್ಲ.

ಆಚಾರಿ ನೋಡಲು ಬಂದ. ಅವನು ಬರದೆ ಇರುತ್ತಾನೆಯೆ? ಸುತ್ತ ಒಂದು ಸುತ್ತು ಬಂದು, ಬೆಣೆಗಳನ್ನು ತಟ್ಟಿ, "ಎಲ್ಲಾ ಸರ್ಯಾಗೈತೆ ಕಣ್ರಪ್ಪ, ಎತ್ತು ಕಟ್ಟದೊಂದು ಬಾಕಿ," ಎಂದ. ಅವತ್ತಿನಿಂದ ಊರಿನಲ್ಲಿ ನಮ್ಮ ಪೆಟ್ಟಿಗೆಗೆ ನೇಗಿಲು ಎಂದೇ ಹೆಸರಾಯಿತು. ನಮ್ಮ ಯಜಮಾನರು ಅವನಿಗೆ ಆ ಸುಗ್ಗಿಯ ರಾಗಿಯನ್ನು ಜರಡಿ ಹಿಡಿಯದೆ ಕೊಟ್ಟರು.

ಅಷ್ಟಕ್ಕೇ ಮುಗಿದಿದ್ದರೆ ಪೆಟ್ಟಿಗೆ ಅತ್ತೆಯದೇ ಆಗಿಬಿಡುತ್ತಿತ್ತು. ಆದರೆ ಹಸಿ ಮರ ಬಿಸಿಲು ಕಾಲದಲ್ಲಿ ತನ್ನ ಬುದ್ಧಿ ತೋರಿಸಿತು. ಮುಚ್ಚಳದ ಒಂದು ಮೂಲೆ ಮೇಲೆದ್ದು, ಇನ್ನೊಂದು ಒಳಕ್ಕೆ ಇಳಿದು, ಕಚ್ಚಿ ಕುಳಿತಿತು. ಅತ್ತೆಗೆ ಯಾವುದೋ ಮದುವೆಗೆ ಆ ಸೀರೆ ಬೇಕಾಯಿತು. ಎಳೆದರು, ಬರಲಿಲ್ಲ. ಮೈದುನ ಒದ್ದ, ಕಾಲು ಊದಿಕೊಂಡಿತು. ಯಜಮಾನರು ಹಾರೆ ತಂದರು. ಮುಚ್ಚಳಕ್ಕೆ ಏನೂ ಆಗಲಿಲ್ಲ, ಹಾರೆ ಬಾಗಿತು. ಗಾಡಿ ಹೊರಡುವ ಹೊತ್ತಾದ್ದರಿಂದ ಅತ್ತೆ ಬೇರೆ ಸೀರೆ ಉಟ್ಟು, ಪೆಟ್ಟಿಗೆಯನ್ನೂ ಅದನ್ನು ಮಾಡಿದವರನ್ನೂ ಬೈಯುತ್ತ ಹೋದರು.

ಮನೆ ಖಾಲಿಯಾಯಿತು. ನಾನು ಪೆಟ್ಟಿಗೆಯ ಮುಂದೆ ಕುಳಿತು ಅದರ ಮೇಲೆ ಕೈಯಾಡಿಸಿದೆ. ಎದ್ದ ಮೂಲೆಯನ್ನು ಮೊಣಕಾಲಿನಿಂದ ಒತ್ತಿದರೆ ಇಳಿದ ಮೂಲೆ ಕೊಂಚ ಅಲುಗುತ್ತಿತ್ತು. ಅಲುಗುವಾಗ ಮುಚ್ಚಳವನ್ನು ಎತ್ತದೆ ಹಿಂದಕ್ಕೆ, ಕೀಲಿನ ಕಡೆಗೆ ತಳ್ಳಿದೆ. ಮೊದಲು ಡಬ್ ಎಂದಿತು, ಆಮೇಲೆ ತಾನಾಗಿಯೇ ಎದ್ದಿತು. ಎತ್ತಲು ಹೋದವರಿಗೆಲ್ಲ ಅದು ಬಿಗಿಯುತ್ತಿತ್ತು. ನಾನು ಮತ್ತೆ ಮುಚ್ಚಿದೆ, ಮತ್ತೆ ತೆಗೆದೆ. ಅವತ್ತು ಮಧ್ಯಾಹ್ನ ನಾನು ಒಬ್ಬಳೇ ಕುಳಿತು ನಕ್ಕಷ್ಟು ಆ ಮನೆಯಲ್ಲಿ ಯಾವತ್ತೂ ನಕ್ಕಿರಲಿಲ್ಲ.

ಮದುವೆಯಿಂದ ಬಂದ ಅತ್ತೆಗೆ ಸೀರೆ ಮಡಿಸಿ ಕೈಗೆ ಕೊಟ್ಟೆ. "ಎಂಗ್ ತಗ್ದೆ?" ಎಂದರು. "ಏನೋ ಬಂತು ಅತ್ತೆಮ್ಮ," ಎಂದೆ. ಅವರು ತಾವೊಮ್ಮೆ ಎಳೆದು ನೋಡಿ, "ಈ ಹಾಳು ಪೆಟ್ಗೆ ನೀನೇ ಮಡಿಕೋ ತಾಯಿ, ನಮ್ಗೆ ಬ್ಯಾಡ," ಎಂದುಬಿಟ್ಟರು. ಬೀಗ ಹಾಕಕೂಡದೆಂದು ಹೇಳಿದ್ದರು, ನಾನೆಲ್ಲಿ ಹಾಕಿದ್ದೆ? ಸಂಜೆ ನಮ್ಮವ್ವನ ಸೀರೆಯನ್ನು, ಗೇಣು ಕಮ್ಮಿಯಾದ ಸೆರಗಿನ ಸಮೇತ, ಒಳಗಿಟ್ಟೆ. ಅಳತೆ ಕೊಟ್ಟು ಮಾಡಿಸಿದಂತೆ ಕುಳಿತಿತು. ಯಜಮಾನರು, "ನೋಡ್ದಾ, ನಾನಂದಂಗೇ ಆಯ್ತು, ಯಾರೂ ಕೈ ಆಕಂಗಿಲ್ಲ," ಎಂದು ಬೀಗಿದರು. ಎಲ್ಲ ಮೊದಲೇ ಎಣಿಸಿ ಮಾಡಿದ್ದೆಂದು ಸಾಯುವ ತನಕ ವಾದಿಸಿದರು. ನಾನು ಒಪ್ಪಿಕೊಳ್ಳುತ್ತಿದ್ದೆ, ಅವರ ಅಷ್ಟು ಋಣ ನನ್ನ ಮೇಲಿತ್ತು.

ಮಾವ ಹೋಗಿ ಕೆಲವು ವರ್ಷವಾದ ಮೇಲೆ, ಒಂದು ಮಧ್ಯಾಹ್ನ, ಎಲ್ಲರೂ ಹೊಲದಲ್ಲಿದ್ದಾಗ ಅತ್ತೆ ನಡುಮನೆಗೆ ಬಂದು ನಿಂತರು. ಸೊಂಟದ ಗೊಂಚಲು ಸದ್ದು ಮಾಡದಂತೆ ಒಂದು ಕೈಯಲ್ಲಿ ಹಿಡಿದುಕೊಂಡಿದ್ದರು. ಇನ್ನೊಂದು ಕೈ ಸೆರಗಿನ ಒಳಗಿತ್ತು.

"ನಿನ್ ನೇಗ್ಲಲ್ಲಿ ಒಸಿ ಜಾಗ ಐತಾ ಮಗಾ?"

ಸೆರಗಿನಿಂದ ತೆಗೆದದ್ದು ಕೊಂಬಿನ ಬಾಚಣಿಗೆ. ಹಲ್ಲು ಅರ್ಧ ಮುರಿದಿತ್ತು. ಕೂಸಾಗಿದ್ದಾಗ ಮದುವೆಯಾಗಿ ಈ ಮನೆಗೆ ಬರುವಾಗ ಅವರವ್ವ ತಲೆ ಬಾಚಿ ಅದನ್ನೇ ಮುಡಿಗೆ ಸಿಕ್ಕಿಸಿ ಕಳಿಸಿದ್ದರಂತೆ. ಇಷ್ಟು ವರ್ಷ ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ. ಕಾಳಿನ ಕೋಣೆಯ ತೊಲೆಯ ಸಂದಿನಲ್ಲಿ, ಎಂದರು.

"ಉಗ್ರಾಣ ನಿಮ್ಮ ಕೈಲೇ ಐತಲ್ಲ ಅತ್ತೆಮ್ಮ," ಎಂದೆ.

"ಬೀಗುದ್ ಕೈ ನಂತಾವ ಐತೆ ಕಣವ್ವ. ಒಳಗಿರದು ಯಾವ್ದು ನಂದು?"

ನಾನು ಮೊಣಕಾಲು ಒತ್ತಿ ಮುಚ್ಚಳ ತೆಗೆದೆ. ನಮ್ಮವ್ವನ ಸೀರೆಯ ಮಡಿಕೆ ಬಿಡಿಸಿ, ನಡುವೆ ಬಾಚಣಿಗೆ ಇಟ್ಟು, ಮತ್ತೆ ಮಡಿಸಿದೆ. ಆಮೇಲೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊಣಕಾಲು ಎಲ್ಲಿ ಒತ್ತಬೇಕು, ಎತ್ತದೆ ಹೇಗೆ ತಳ್ಳಬೇಕು ಎಂದು ಹೇಳಿಕೊಟ್ಟೆ. ಅವರ ಮೊಣಕಾಲು ನೋಯುತ್ತಿತ್ತು, ಆದರೂ ಕಲಿತರು. ಅದಾದ ಮೇಲೆ ಕೆಲವು ಮಧ್ಯಾಹ್ನ ನಡುಮನೆಯಿಂದ ಡಬ್ ಎಂದು ಸದ್ದು ಕೇಳುತ್ತಿತ್ತು. ಆಗ ನಾನು ಅಡಿಗೆಮನೆಯಲ್ಲೇ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ.