ಕೈ ಎತ್ತಿದರೂ ಹರಿಯದ ಅಂಗಿ

ನಮ್ಮ ದರ್ಜಿ ಚಿಕ್ಕಪ್ಪ ಹೊಲಿದ ಅಂಗಿ ಕಂಕುಳಲ್ಲಿ ಹರಿದದ್ದೇ ಇಲ್ಲ. ಅಲ್ಲಿ ಒಂದು ತುಂಡು ಬಟ್ಟೆ ಹೆಚ್ಚಿಗೆ ಕೂಡಿಸುವುದು ಅವನ ಪದ್ಧತಿ.

"ಪರದೇಶದಲ್ಲಿ ಬೆಂಕಿ ಆರಿಸೋರಿಗೆ ಕಣೋ, ಕೈ ಎತ್ತೋಕೆ ಸಲೀಸಾಗಿರ್ಲಿ," ಎಂದು ಅವನ ಭಾವ ಎರಡು ಸಾವಿರ ಅಂಗಿ ಹೊಲಿಸಿದ. ಮತ್ತೊಂದು ಆರ್ಡರ್ ತರಲು ಆ ದೇಶಕ್ಕೆ ಹೊರಟಾಗ, ಮಿಷನ್ ಬಿಟ್ಟು ಕದಲದ ಚಿಕ್ಕಪ್ಪನನ್ನೂ ಕರೆದೊಯ್ದ.

ಅಲ್ಲಿ ಹೋಟೆಲ್ ಕಿಟಕಿಯ ಕೆಳಗೆ ಜನ ಸರ್ಕಾರಕ್ಕೆ ಧಿಕ್ಕಾರ ಕೂಗುತ್ತಿದ್ದರು. ಪೊಲೀಸರು ಲಾಠಿ ಎತ್ತಿ ನುಗ್ಗಿದರು. ಎತ್ತಿದ ಒಂದೊಂದು ಕೈಯ ಕೆಳಗೂ ಚಿಕ್ಕಪ್ಪ ಕೂಡಿಸಿದ ಆ ತುಂಡು ಕಾಣುತ್ತಿತ್ತು.

"ನಂಬಿಸಿ ಕತ್ತು ಕೊಯ್ದ್ರಲ್ಲ, ಭಾವ! ಬೆಂಕಿ ಆರಿಸೋರಿಗೆ ಅಂದಿದ್ರಿ!"

"ನಿಜ ಹೇಳಿದ್ರೆ ನೀನು ಹೊಲೀತಿದ್ಯಾ?" ಭಾವ ಅವನ ಬೆನ್ನು ತಟ್ಟಿದ. "ಅದಿರ್ಲಿ, ಅಲ್ನೋಡು. ಅಷ್ಟು ಬಾರಿಸ್ತಿದ್ರೂ ಒಂದಂಗೀನಾದ್ರೂ ಹರೀತಾ?"